ಆರನೇ ಓಟು ಸಾಕು ಅಂದೆ, ಗೆದ್ದೆ

2024ರಲ್ಲಿ ನಮ್ಮ ಸಹಕಾರ ಸಂಘದ ಚುನಾವಣೆಯ ಎಣಿಕೆ ಮುಗಿಯುವಾಗ ರಾತ್ರಿ ಒಂಬತ್ತೂವರೆ. ಸಂಘದ ಹಾಲ್‌ನಲ್ಲಿ ನಮ್ಮ ಕಡೆಯ ಸಹಕಾರ ಚಳವಳಿಯ ಪಿತಾಮಹ ಮೊಳಹಳ್ಳಿ ಶಿವರಾಯರ ಫೋಟೋದ ಕೆಳಗೆ ಕೂತು ಚುನಾವಣಾಧಿಕಾರಿ ಸಾಮಾನ್ಯ ಕ್ಷೇತ್ರದಲ್ಲಿ ಗೆದ್ದ ಆರು ಹೆಸರು ಓದಿದರು. ಐದನೆಯದು ನನ್ನದು. 214 ಓಟೋ 216ಓ, ಸರಿಯಾಗಿ ನೆನಪಿಲ್ಲ. "ಆರನೇ ಓಟು ಕೇಳಿ ಗೆದ್ದವರನ್ನು ನಾನಂತೂ ನೋಡಿಲ್ಲ ಮಾರಾಯ್ತಿ" ಎಂದು ಒಂದು ತಿಂಗಳ ಹಿಂದೆ ನಕ್ಕಿದ್ದ ನಮ್ಮ ಭಾವ ಹೊರಗೆ ಗೇಟಿನ ಹತ್ತಿರ ನಿಂತು "ನಾನು ಆಗ್ಲೇ ಹೇಳಿದ್ದೆ" ಅಂತ ಎಲ್ಲರಿಗೂ ಹೇಳುತ್ತಿದ್ದರು.

ನಮ್ಮದು ಉಡುಪಿ ಹತ್ತಿರದ ಗ್ರಾಹಕರ ಸಹಕಾರ ಸಂಘ. ಅಕ್ಕಿ, ತೆಂಗಿನೆಣ್ಣೆ, ಬೇಳೆ, ಊರ ತರಕಾರಿ ಮಾರುವ ಒಂದು ಅಂಗಡಿ, ಹಿಂದೆ ಒಂದು ಗೋದಾಮು. ಪುಸ್ತಕದಲ್ಲಿ ಸಾವಿರದ ಎಂಟುನೂರು ಸದಸ್ಯರು, ಅಂಗಡಿಗೆ ಬರುವವರು ಅದರ ಕಾಲುಭಾಗ. ಆಡಳಿತ ಮಂಡಳಿಯ ಸ್ಥಾನಗಳು ಹೀಗೆ: ಸಾಮಾನ್ಯ 6, ಮಹಿಳೆ 2, ಹಿಂದುಳಿದ ವರ್ಗ ಎ ಮತ್ತು ಬಿ ಒಂದೊಂದು, ಪರಿಶಿಷ್ಟ ಜಾತಿ, ಪಂಗಡ ಒಂದೊಂದು. ಸಾಮಾನ್ಯ ಕ್ಷೇತ್ರಕ್ಕೆ ಒಬ್ಬೊಬ್ಬರಿಗೂ ಆರು ಓಟು, ಆರು ಬೇರೆ ಬೇರೆ ಹೆಸರಿಗೆ. ಸಹಕಾರಿ ಚುನಾವಣೆ ಕಂಡವರಿಗೆ ಇದಕ್ಕಿಂತ ಜಾಸ್ತಿ ವಿವರ ಬೇಡ.

2014ರಲ್ಲಿ ಮಹಿಳಾ ಮೀಸಲಿಗೆ ನಿಂತಿದ್ದೆ. ಎರಡು ಸ್ಥಾನ, ಎರಡಕ್ಕೂ ಒಟ್ಟಾಗಿ ನಿಲ್ಲುವ ತಂಡದವರು. ನಾನು ಯಾವ ತಂಡದಲ್ಲೂ ಇರಲಿಲ್ಲ. ಕರಪತ್ರ, ರಿಕ್ಷಾ, ಚಾ ತಿಂಡಿ ಎಲ್ಲ ಸೇರಿ ಹದಿನೆಂಟು ಸಾವಿರ ಹೋಯಿತು. ಸ್ವಸಹಾಯ ಗುಂಪಿನಿಂದ ತೆಗೆದ ಸಾಲ. ವಾರ ವಾರ ಕಟ್ಟುವಾಗ ಸೋಲು ಮತ್ತೆ ಮತ್ತೆ ನೆನಪಾಗುತ್ತಿತ್ತು. ಆ ಸಲ ನಾಮಪತ್ರವೇ ಹೋಗುವುದರಲ್ಲಿತ್ತು. ನನ್ನ ಸೂಚಕಿಯ ಹೆಸರು ಅರ್ಹ ಮತದಾರರ ಪಟ್ಟಿಯಲ್ಲೇ ಇರಲಿಲ್ಲ. ಪುಣ್ಯಕ್ಕೆ ಬೇರೆ ಸೂಚಕರ ಸಹಿ ಹಾಕಿಸಿ ಇನ್ನೊಂದು ಪ್ರತಿ ಕೊಟ್ಟಿದ್ದೆ. 

2019ರದ್ದು ದೊಡ್ಡ ತಪ್ಪು. ಸಾಮಾನ್ಯ ಕ್ಷೇತ್ರಕ್ಕೆ ನಿಂತೆ. "ಮೀಸಲು ಇರುವಾಗ ಸುಮ್ನೆ ಅಲ್ಲಿಗೆ ಯಾಕೆ?" ಅಂತ ಎಲ್ಲರೂ ಕೇಳಿದರು. ಎರಡು ಸ್ಥಾನಕ್ಕಿಂತ ಆರು ಸ್ಥಾನದಲ್ಲಿ ಸಂದು ಜಾಸ್ತಿ ಅಲ್ವಾ, ಅದು ನನ್ನ ಲೆಕ್ಕ. ಲೆಕ್ಕ ಸರಿ ಇತ್ತು, ಕೇಳಿದ ರೀತಿ ತಪ್ಪಿತು. ಗೊತ್ತಿದ್ದವರೊಬ್ಬರು ಸಿಂಗಲ್ ಓಟು ಕೇಳು ಅಂದರು. ಅಂದರೆ ನನಗೊಂದು ಮುದ್ರೆ ಒತ್ತಿ ಉಳಿದ ಐದು ಖಾಲಿ ಬಿಡಿ ಎನ್ನುವುದು. ಕಾಗದದ ಮೇಲೆ ಚಂದ. ಮನೆ ಬಾಗಿಲಲ್ಲಿ ನಿಂತು ಕೇಳಿ ನೋಡಿ! "ಐದು ಓಟು ಹಾಳು ಮಾಡಬೇಕಾ?" ಅಂತ ಕಲ್ಯಾಣಪುರದ ಒಬ್ಬರು ಬಾಯಮ್ಮ ಮುಖಕ್ಕೇ ಕೇಳಿದರು. ಅವರ ತಮ್ಮ ತಂಡದಲ್ಲಿದ್ದ. ನನಗೆ ಹಾಕಿದರೆ ತಮ್ಮನಿಗೆ ಇಲ್ಲ ಅಂತಾಯಿತಲ್ಲ. ಇಂತಹ ನೂರಾರು ಮನೆ. ಸಾಲದ್ದಕ್ಕೆ ಚಿಹ್ನೆ ಸಿಗುವ ಮೊದಲೇ ಎರಡು ಸಾವಿರ ಕರಪತ್ರ ಅಚ್ಚು ಹಾಕಿಸಿದ್ದೆ. ಚಿಹ್ನೆ ಬಂದದ್ದು ಕೊಡೆ. ಎರಡು ಸಾವಿರಕ್ಕೂ ಬಾಲ್ ಪೆನ್ನಿನಲ್ಲಿ ಕೊಡೆ ಬಿಡಿಸಲಾಗುತ್ತದಾ? ಮೂವತ್ತೈದು ಸಾವಿರದ ಹತ್ತಿರ ಖರ್ಚು, ನೂರಹದಿನೆಂಟು ಓಟು. ಉಳಿದ ಕರಪತ್ರದಲ್ಲಿ ಒಂದು ವರ್ಷ ಚಕ್ಕುಲಿ ಕಟ್ಟಿ ಕೊಟ್ಟೆ. ಮನೆಯಲ್ಲಿ ತಿಂಡಿ ಮಾಡಿ ಮಾರುವುದು ನನ್ನ ಕಸುಬು.

ಆಮೇಲೆ ಒಂದು ದಿನ ಆ ಬಾಯಮ್ಮನ ಮಾತು ತಲೆಯಲ್ಲಿ ತಿರುಗಿತು. ಅವರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ತಮ್ಮನನ್ನು ಬಿಡಲಾಗದು ಅಷ್ಟೆ. ಹಾಗಾದರೆ ತಮ್ಮನಿಗೂ ಹಾಕಲಿ. ತಂಡದ ಆರರಲ್ಲಿ ಐದು ಜನಕ್ಕೆ ಹಾಕಲಿ. ಆರನೆಯದು ನನಗೆ ಕೊಡಲಿ. ಯಾವ ತಂಡದಲ್ಲೂ ಆರನೆಯವರು ಯಾರಿಗೂ ಸರಿಯಾಗಿ ಬೇಕಾದವರಲ್ಲ, ಸಂಖ್ಯೆ ತುಂಬಿಸಲು ಹಾಕಿದವರು. ಒಂದೊಂದು ಮನೆ ಒಬ್ಬೊಬ್ಬರನ್ನು ಬಿಟ್ಟರೂ ಬಿಟ್ಟ ಜಾಗಕ್ಕೆಲ್ಲ ಬರುವ ಹೆಸರು ನನ್ನದೊಂದೇ. ಯಾರನ್ನು ಬಿಡಬೇಕು ಅಂತ ನಾನು ಒಬ್ಬರಿಗೂ ಹೇಳಲಿಲ್ಲ. ಹೇಳಿದ್ದರೆ ಮಾರನೇ ದಿನವೇ ಜಗಳ.

ಆದರೆ ಓಟು ಹಾಕಲು ಜನ ಪಟ್ಟಿಯಲ್ಲಿ ಇರಬೇಕಲ್ಲ. ನಮ್ಮಲ್ಲಿ ಆಗ ಹಿಂದಿನ ಐದು ಮಹಾಸಭೆಯಲ್ಲಿ ಎರಡಕ್ಕಾದರೂ ಬಂದು ಸಹಿ ಹಾಕಿರಬೇಕಿತ್ತು, ಜೊತೆಗೆ ಇಷ್ಟು ಅಂತ ಖರೀದಿ ಇರಬೇಕಿತ್ತು. 2019ರಲ್ಲಿ ಅರ್ಹರು ಬರೀ ನಾನೂರ ಇಪ್ಪತ್ತರಷ್ಟು. ತಂಡದವರಿಗೆ ಅದೇ ಅನುಕೂಲ, ಅವರವರ ಮನೆಯವರು ತಪ್ಪದೆ ಬಂದು ಸಹಿ ಹಾಕುತ್ತಾರೆ. ನಮ್ಮ ಮಹಾಸಭೆ ಸೆಪ್ಟೆಂಬರಿನಲ್ಲಿ, ಮಳೆ ಬಿಟ್ಟಿರುವುದಿಲ್ಲ, ಚೌತಿಯ ಗಡಿಬಿಡಿ ಬೇರೆ. 2022 ಮತ್ತು 2023ರಲ್ಲಿ ನಾನು ಮಾಡಿದ ಪ್ರಚಾರ ಇಷ್ಟೇ. ನಾದಿನಿಯ ಓಮ್ನಿ ತೆಗೆದುಕೊಂಡು ನಡೆಯಲಾಗದ ಹೆಂಗಸರನ್ನು ಸಭೆಗೆ ಕರೆತಂದೆ, ಊಟ ಆದ ಮೇಲೆ ವಾಪಸ್ ಬಿಟ್ಟೆ. ಓಟಿನ ಮಾತೇ ಎತ್ತಲಿಲ್ಲ. ಪೆಟ್ರೋಲಿಗೆ ಎರಡು ವರ್ಷದಲ್ಲಿ ಮೂರು ಸಾವಿರ ಆಗಿರಬಹುದು. ಎಪ್ಪತ್ತು ಎಂಬತ್ತು ಹೆಸರು ಹೀಗೆ ಪಟ್ಟಿಗೆ ಬಂತು. ಅವರನ್ನು ನೋಡಿ ಅಕ್ಕಪಕ್ಕದವರೂ ಬಂದರು. 2024ರಲ್ಲಿ ಅರ್ಹರು ಆರುನೂರ ನಲವತ್ತರ ಆಸುಪಾಸು.

ಇನ್ನೊಂದು ಕೆಲಸ ಪುಸ್ತಕದ್ದು. ಇನ್ನೂರು ಪುಟದ ನೋಟ್ ಪುಸ್ತಕ, ಪುಟಕ್ಕೊಬ್ಬ ಸದಸ್ಯ. ಅವರು ಅಂಗಡಿಯಲ್ಲಿ ಏನು ಕೊಳ್ಳುತ್ತಾರೆ, ಏನಕ್ಕೆ ಬೈಯುತ್ತಾರೆ, ಅಷ್ಟೇ. ಜಾತಿ, ಪಕ್ಷ ಬರೆಯಲಿಲ್ಲ. ಅರ್ಧಕ್ಕರ್ಧ ಪುಟದಲ್ಲಿ ಒಂದೇ ದೂರು: ಕುಚ್ಚಲಕ್ಕಿ. "ಮೊದಲಿನ ರುಚಿ ಇಲ್ಲ, ಗಂಜಿ ಮಾತ್ರ ಕೆಂಪು, ಅನ್ನ ಬಿಳಿ."

ಇದನ್ನು ನಾನು ಮನೆಯಲ್ಲೇ ಪರೀಕ್ಷೆ ಮಾಡಿದೆ. ನಮ್ಮ ಅಂಗಡಿಯ ಅಕ್ಕಿ, ಪೇಟೆಯ ಪ್ಯಾಕೆಟ್ ಅಕ್ಕಿ, ಬ್ರಹ್ಮಾವರ ಕಡೆಯ ಒಬ್ಬ ರೈತರಿಂದ ತಂದ ಎಂಒ4 ಎಂಬ ಕೆಂಪು ತಳಿಯ ಅಕ್ಕಿ, ಮೂರನ್ನೂ ಒಂದೊಂದು ಸೇರು ಅಳೆದು ಮೊರದಲ್ಲಿ ಹರಡಿದೆ. ನಮ್ಮದರಲ್ಲಿ ನುಚ್ಚು ಒಂದು ಹಿಡಿ, ಹನ್ನೊಂದು ಕಲ್ಲು. ರೈತರದ್ದರಲ್ಲಿ ಕಲ್ಲು ಮೂರು. ಮೂರು ಸ್ಟೀಲ್ ಬೋಗುಣಿಯಲ್ಲಿ ನೆನೆಸಿ ಕೈಯಿಂದ ತಿಕ್ಕಿದೆ. ನಮ್ಮ ಅಕ್ಕಿಯ ನೀರು ಮೊದಲ ತೊಳೆತಕ್ಕೇ ಇಟ್ಟಿಗೆ ಬಣ್ಣ, ಮೂರನೇ ತೊಳೆತಕ್ಕೆ ಕಾಳು ಬೆಳ್ಳಗೆ. ಬೆರಳ ಸಂದಿಯಲ್ಲಿ ಬಣ್ಣ ನಿಂತಿತ್ತು. ರೈತರ ಅಕ್ಕಿ ಬೇಯಲು ಮುಕ್ಕಾಲು ಗಂಟೆ ಮೇಲೆ ಹಿಡಿಯಿತು, ಆದರೆ ಅನ್ನ ಕೆಂಪಾಗೇ ಉಳಿಯಿತು. ಆ ಮೂರು ಅಕ್ಕಿಯನ್ನು ಸಣ್ಣ ಡಬ್ಬದಲ್ಲಿ ಹಾಕಿ ಚೀಲದಲ್ಲಿಟ್ಟುಕೊಂಡೆ. ಮನೆಗೆ ಹೋದಾಗ ಭಾಷಣ ಇಲ್ಲ. ಡಬ್ಬ ಮುಚ್ಚಳ ತೆಗೆದು "ಒಮ್ಮೆ ತೊಳೆದು ನೋಡಿ" ಅಷ್ಟೆ. ಹೆಂಗಸರು ಸೀದಾ ಬಚ್ಚಲ ನಲ್ಲಿಗೆ ಹೋಗುತ್ತಿದ್ದರು, ಗಂಡಸರು ಹಿಂದಿನಿಂದ ಬಂದು ಇಣುಕುತ್ತಿದ್ದರು.

ಎಲ್ಲ ಪರೀಕ್ಷೆಯೂ ಕೆಲಸಕ್ಕೆ ಬರಲಿಲ್ಲ. ಆರು ವಾರ ಶನಿವಾರ ಸಂಜೆ ಅಂಗಡಿ ಹಿಂದೆ ಬಿಸಾಡುವ ಬಸಳೆಯನ್ನು ನನ್ನ ತಿಂಡಿಯ ತಕ್ಕಡಿಯಲ್ಲಿ ತೂಗಿದೆ. ವಾರಕ್ಕೆ ಸರಾಸರಿ ಒಂಬತ್ತು ಕೆಜಿ. ದೊಡ್ಡ ಗುಟ್ಟು ಹಿಡಿದೆ ಅಂದುಕೊಂಡೆ. ಹೇಳಿದರೆ ಜನ "ನಮ್ಮ ದನಕ್ಕೆ ಕೊಡಬಹುದಿತ್ತಲ್ಲ" ಅಂದರು, ಅಷ್ಟಕ್ಕೇ ಮುಗಿಯಿತು. ಮಟ್ಟುಗುಳ್ಳ, ಅಂದರೆ ಉಡುಪಿ ಹತ್ತಿರದ ಮಟ್ಟು ಊರಿನ ಬದನೆ ಅಂತ ಮಾರುತ್ತಿದ್ದದ್ದು ಮಟ್ಟುವಿನದ್ದೇ ಅಲ್ಲ ಎಂದು ತೋರಿಸಲು ಎರಡು ಬಗೆ ಗುಳ್ಳದ ಹುಳಿ ಮಾಡಿ ಬಡಿಸಿದ್ದೂ ಉಂಟು. ನಿಜವಾದ ಮಟ್ಟುಗುಳ್ಳದ ಸಿಪ್ಪೆ ತೆಳು, ಕಹಿ ಇಲ್ಲ, ಬಾಯಲ್ಲಿ ಕರಗುತ್ತದೆ, ಗೊತ್ತಿರುವವರಿಗೆ ಒಂದು ತುತ್ತು ಸಾಕು. ಆದರೆ ಊಟ ಹಾಕಿದರೆ ಅದು ಓಟಿನ ಊಟ ಅಂತ ಗಾಳಿ ಮಾತು ಹಬ್ಬಿತು. ಎರಡನೇ ಮನೆಗೇ ನಿಲ್ಲಿಸಿದೆ.

ಚೀಟಿ ಮಾತ್ರ ನನ್ನ ಹೆಮ್ಮೆ. ಚಿಹ್ನೆ ಸಿಕ್ಕಿದ ಸಂಜೆ ಅಚ್ಚಿಗೆ ಕೊಟ್ಟೆ, ಈ ಸಲ ಬುದ್ಧಿ ಬಂದಿತ್ತು. ಅಂಗೈಯಷ್ಟು ಕಾಗದ, ಒಂದರಿಂದ ಆರು ಗೆರೆ. ಐದು ಗೆರೆ ಖಾಲಿ. ಆರನೆಯದರಲ್ಲಿ ನನ್ನ ಹೆಸರು, ಚಿಹ್ನೆ. ಕೆಳಗೆ "ಆರಕ್ಕಿಂತ ಜಾಸ್ತಿ ಮುದ್ರೆ ಒತ್ತಿದರೆ ಓಟು ಅಸಿಂಧು" ಎಂದು. ಏಳುನೂರು ಚೀಟಿಗೆ ಎಂಟುನೂರು ರೂಪಾಯಿ. ಜನ ಅದರಲ್ಲೇ ತಮ್ಮ ಐದು ಹೆಸರು ಬರೆದುಕೊಂಡರು. ಆಡಳಿತ ತಂಡದವರ ಮನೆಯ ಫ್ರಿಡ್ಜಿನ ಮೇಲೂ ನನ್ನ ಚೀಟಿ ಅಂಟಿಸಿದ್ದನ್ನು ಕಣ್ಣಾರೆ ಕಂಡೆ. ಒಟ್ಟು ಖರ್ಚು ಆರೂವರೆ ಸಾವಿರ ದಾಟಿಲ್ಲ, ಠೇವಣಿ ಸೇರಿ.

ಒಂದೊಂದು ಮನೆಗೂ ಎರಡೆರಡು ಸಲ ಹೋಗಿದ್ದೆ. ಎರಡನೇ ಸಲ ಯಾವ ದಿನ, ಯಾವ ಹೊತ್ತಿಗೆ, ಮನೆಯಲ್ಲಿ ಯಾರ ಹತ್ತಿರ ಮಾತಾಡಬೇಕು ಎನ್ನುವುದು ನನ್ನ ಹತ್ತಿರವೇ ಇರಲಿ. 2029ಕ್ಕೆ ನಾನೂ ನಿಲ್ಲಬೇಕಲ್ಲ. ಆ ರೈತರ ಊರನ್ನೂ ಹೇಳುವುದಿಲ್ಲ, ಅವರ ಅಕ್ಕಿ ಇರುವುದೇ ಮೂವತ್ತು ಕ್ವಿಂಟಾಲ್.

ಮತದಾನದ ದಿನ ಓಟು ಹಾಕಿದವರು ನಾನೂರ ಮೂವತ್ತರಷ್ಟು. ತಂಡದ ಮೊದಲಿಗರಿಗೆ ಇನ್ನೂರ ಎಂಬತ್ತು. ಅವರ ಆರನೆಯವರು ನೂರತೊಂಬತ್ತಕ್ಕೆ ನಿಂತರು. ಕಲ್ಯಾಣಪುರದ ಬಾಯಮ್ಮನ ತಮ್ಮನೂ ಗೆದ್ದಿದ್ದಾನೆ, ನನ್ನ ಪಕ್ಕದ ಕುರ್ಚಿ. ಮೊದಲ ಸಭೆಯಲ್ಲಿ ಅಕ್ಕಿ ಖರೀದಿಗೆ ಮೊದಲು ಸ್ಯಾಂಪಲ್ ತೊಳೆದು ನೋಡಬೇಕು ಅಂತ ನಾನು ಹೇಳಿದಾಗ "ಇದು ಆಡಳಿತ ಮಂಡಳಿಯಾ, ಅಡುಗೆ ಮನೆಯಾ?" ಅಂದರು ಒಬ್ಬರು ಹಿರಿಯರು. "ಬೋಗುಣಿ ನಾನು ತರುತ್ತೇನೆ ಅಣ್ಣ" ಅಂದೆ. ನಿರ್ಣಯ ಆಯಿತು. ಬಸಳೆಯನ್ನು ಮೂವತ್ತು ಕಟ್ಟಿನಿಂದ ಹದಿನೆಂಟಕ್ಕೆ ಇಳಿಸಿದ್ದೂ ನಾನೇ. ಈಗ ಶನಿವಾರ ನಾಲ್ಕು ಗಂಟೆಗೇ ಬಸಳೆ ಖಾಲಿ, ಐದು ಗಂಟೆಗೆ ನನ್ನ ಫೋನು ಶುರು.