ಗೊತ್ತಿರುವ ಇಂಗ್ಲಿಷ್ ಪದ ವಾಕ್ಯದಲ್ಲಿ ಕೂರಬೇಕಾದರೆ

ಬೆಂಗಳೂರಿನ ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್ ಕಡೆ ಕೋಚಿಂಗ್ ಸೆಂಟರ್‌ಗಳ ಬೋರ್ಡು ಓದುತ್ತ ನಡೆದರೆ ಸಾಕು, ಓದು, ಪೈಪೋಟಿ, ಯಶಸ್ಸಿಗೆ ಸಂಬಂಧಿಸಿದ ಇಂಗ್ಲಿಷ್ ಪದಗಳು ಸಾಲುಸಾಲಾಗಿ ಸಿಗುತ್ತವೆ. ಕಾಂಪಿಟಿಟಿವ್ ಎಕ್ಸಾಮ್, ಸಕ್ಸೆಸ್, ಸೆಲೆಕ್ಷನ್, ಎಲಿಜಿಬಿಲಿಟಿ, ಮೆರಿಟ್, ಕಟಾಫ್, ಅಚೀವರ್ಸ್ ಬ್ಯಾಚ್. ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಇವುಗಳ ಅರ್ಥ ಗೊತ್ತು. ಆದರೆ ಅದೇ ಪದ ಬಳಸಿ ಒಂದು ವಾಕ್ಯ ಬರೆಯಿರಿ ಎಂದರೆ ಪೆನ್ನು ನಿಂತುಬಿಡುತ್ತದೆ. ಸಕ್ಸೆಸ್ ಆದ ಎನ್ನುವುದು ಕನ್ನಡದಲ್ಲಿ ಸಲೀಸು. ಇಂಗ್ಲಿಷಿನಲ್ಲಿ ಅಲ್ಲಿ ಸಕ್ಸೀಡೆಡ್ ಬರಬೇಕೋ, ವಾಸ್ ಸಕ್ಸೆಸ್‌ಫುಲ್ ಬರಬೇಕೋ, ಅದರ ಮುಂದೆ ಇನ್ ಬೇಕೋ ಟು ಬೇಕೋ ಎಂಬಲ್ಲಿ ಗೊಂದಲ.

ಪರೀಕ್ಷೆಗಳು ಕೇಳುವುದೂ ಇದನ್ನೇ. ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ 150 ಅಂಕದ ಇಂಗ್ಲಿಷ್ ಪತ್ರಿಕೆ ಇದೆ, ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ 300 ಅಂಕದ್ದು. ಎರಡೂ ಅರ್ಹತೆಗಷ್ಟೇ, ರ‍್ಯಾಂಕ್‌ಗೆ ಸೇರುವುದಿಲ್ಲ. ಆದರೆ ಅಲ್ಲಿ ತೇರ್ಗಡೆಯಾಗದಿದ್ದರೆ ಉಳಿದ ಪತ್ರಿಕೆಗಳಲ್ಲಿ ಎಷ್ಟು ಚೆನ್ನಾಗಿ ಬರೆದಿದ್ದರೂ ಪ್ರಯೋಜನವಿಲ್ಲ. ಕೇಂದ್ರ ಸರ್ಕಾರಿ ಹುದ್ದೆಗಳಿಗೆ ಪದವೀಧರರು ಬರೆಯುವ ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ ಇಂಗ್ಲಿಷಿನ 25 ಪ್ರಶ್ನೆಗಳಿಗೆ ತಲಾ 2 ಅಂಕ, ತಪ್ಪು ಉತ್ತರಕ್ಕೆ ಅರ್ಧ ಅಂಕ ಕಡಿತ. ಅರ್ಥವನ್ನು ಮಾತ್ರ ಉರು ಹೊಡೆದವರು ಬಿಟ್ಟಸ್ಥಳ ತುಂಬುವ, ತಪ್ಪು ಹುಡುಕುವ ಪ್ರಶ್ನೆಗಳಲ್ಲಿ ಎಡವುತ್ತಾರೆ. ಪದದ ಜೊತೆಗೆ ಅದು ಯಾವ ಕ್ರಿಯಾಪದವನ್ನು, ಇನ್, ಟು, ಫಾರ್‌ನಂಥ ಯಾವ ಪ್ರಿಪೊಸಿಷನ್ ಅನ್ನು ಕರೆದುಕೊಂಡು ಬರುತ್ತದೆ ಎಂಬುದನ್ನೂ ಕಲಿತರೆ ಮಾತ್ರ ಪದ ಕೈಗೆ ಬರುತ್ತದೆ.

ಈ ಲೇಖನದಲ್ಲಿ ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ನಿಮ್ಮ ನೋಟ್ಸಿನಲ್ಲಿ ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ, ಸ್ಪೆಲ್ಲಿಂಗ್ ಸಮೇತ ಬರೆದುಕೊಳ್ಳಿ.

ಹಂತ 1: ಪಟ್ಟಿ ಮಾಡಿ, ಆದರೆ ಅಂಗಡಿಯಿಂದ ತರಬೇಡಿ

ಹತ್ತು ಸಾವಿರ ಪದಗಳ ಪುಸ್ತಕ ಕೊಂಡು ಮೊದಲ ಪುಟದಿಂದ ಶುರುಮಾಡಿದವರು ಸಾಮಾನ್ಯವಾಗಿ ಎ ಅಕ್ಷರ ದಾಟುವುದಿಲ್ಲ. ಈ ವಿಷಯಕ್ಕೆ ಮೊದಲ ಸುತ್ತಿನಲ್ಲಿ 150ರಿಂದ 200 ಪದ ಸಾಕು. ಅವನ್ನು ನೀವೇ ಹೆಕ್ಕಬೇಕು. ಎದುರಾದ ಜಾಗ ನೆನಪಿದ್ದರೆ ಪದವೂ ಬೇಗ ನೆನಪಾಗುತ್ತದೆ.

ಹೆಕ್ಕಲು ಒಳ್ಳೆಯ ಜಾಗಗಳಿವೆ. ಒಂದೇ ಸುದ್ದಿಯನ್ನು ಕನ್ನಡ ಪತ್ರಿಕೆಯಲ್ಲೂ ಇಂಗ್ಲಿಷ್ ಪತ್ರಿಕೆಯಲ್ಲೂ ಓದಿ. 1948ರಲ್ಲಿ ಬೆಂಗಳೂರಿನಲ್ಲಿ ಒಂದೇ ಸಂಸ್ಥೆಯಿಂದ ಆರಂಭವಾದ ಪ್ರಜಾವಾಣಿ ಮತ್ತು ಡೆಕ್ಕನ್ ಹೆರಾಲ್ಡ್ ಜೋಡಿ ಇದಕ್ಕೆ ಹೇಳಿ ಮಾಡಿಸಿದ್ದು. ಕನ್ನಡದಲ್ಲಿ ಮೊದಲು ಓದಿಕೊಂಡರೆ ವಿಷಯ ತಿಳಿದಿರುತ್ತದೆ, ಇಂಗ್ಲಿಷಿನಲ್ಲಿ ಗಮನವೆಲ್ಲ ಪದದ ಮೇಲಿರುತ್ತದೆ. ಎಸ್‌ಎಸ್‌ಎಲ್‌ಸಿ, ಪಿಯುಸಿ ಫಲಿತಾಂಶ ಬಂದ ವಾರ ಇಂಗ್ಲಿಷ್ ಪತ್ರಿಕೆಯನ್ನು ತಪ್ಪಿಸಬೇಡಿ. ಬಾಲಕಿಯರೇ ಮುಂದು ಎನ್ನುವಲ್ಲಿ ಔಟ್‌ಶೈನ್ ಅಥವಾ ಔಟ್‌ಪರ್ಫಾರ್ಮ್, ಪದಕ ಗೆದ್ದರು ಎನ್ನುವಲ್ಲಿ ಬ್ಯಾಗ್ ಅಥವಾ ಕ್ಲಿಂಚ್, ಶೇಕಡಾವಾರು ಪಡೆದರು ಎನ್ನುವಲ್ಲಿ ಸೆಕ್ಯೂರ್ ಅಥವಾ ಸ್ಕೋರ್ ಸಿಗುತ್ತವೆ. ಮನೆಗೆ ಎರಡು ಪತ್ರಿಕೆ ತರಿಸಲು ಆಗದಿದ್ದರೆ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯವಿದೆ, ಬಡಾವಣೆಗಳಲ್ಲಿ ಶಾಖಾ ಗ್ರಂಥಾಲಯಗಳಿವೆ.

ಇನ್ನೊಂದು ಆಕರ ಕಣ್ಣೆದುರೇ ಇದ್ದರೂ ಹೆಚ್ಚು ಜನ ಬಳಸುವುದಿಲ್ಲ. ರಾಜ್ಯ ಪಠ್ಯಕ್ರಮದ ಎಂಟು, ಒಂಬತ್ತು, ಹತ್ತನೇ ತರಗತಿಯ ವಿಜ್ಞಾನ, ಸಮಾಜ ವಿಜ್ಞಾನ ಪುಸ್ತಕಗಳು ಕನ್ನಡ, ಇಂಗ್ಲಿಷ್ ಎರಡೂ ಮಾಧ್ಯಮದಲ್ಲಿವೆ, ಆನ್‌ಲೈನ್‌ನಲ್ಲಿ ಪಿಡಿಎಫ್ ಉಚಿತ. ಒಂದೇ ಪಾಠವನ್ನು ಪಕ್ಕಪಕ್ಕ ಇಟ್ಟುಕೊಂಡು ಓದಬಹುದು. ಮುಂದೆ ಉನ್ನತ ಶಿಕ್ಷಣಕ್ಕೆ ಹೋಗುವವರು ನ್ಯೂಜಿಲೆಂಡಿನ ಭಾಷಾತಜ್ಞೆ ಅವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್ ನೋಡಬಹುದು. ಅದರಲ್ಲಿ 570 ಪದಕುಟುಂಬಗಳಿವೆ, ಅಂದರೆ ಒಂದೇ ಮೂಲದ ಪದಗಳ ಗುಂಪುಗಳು. ಅಚೀವ್, ಅಸೆಸ್, ಇವ್ಯಾಲ್ಯುಯೇಟ್, ಗೋಲ್ ಎಲ್ಲವೂ ಅಲ್ಲಿವೆ.

ಹಂತ 2: ಒಂದು ಪದ ಸಿಕ್ಕರೆ ಮನೆಮಂದಿಯನ್ನೆಲ್ಲ ಬರೆಯಿರಿ

ಪದ ಸಿಕ್ಕ ಕೂಡಲೇ ಅದರ ಕ್ರಿಯಾಪದ, ನಾಮಪದ, ವ್ಯಕ್ತಿವಾಚಕ, ವಿಶೇಷಣ ರೂಪಗಳನ್ನು ಒಂದು ಸಾಲಿನಲ್ಲಿ ಬರೆಯಿರಿ. ಕಂಪೀಟ್ ಎಂದರೆ ಸ್ಪರ್ಧಿಸು, ಕಾಂಪಿಟಿಷನ್ ಸ್ಪರ್ಧೆ, ಕಂಪೆಟಿಟರ್ ಸ್ಪರ್ಧಿ, ಕಂಪೆಟಿಟಿವ್ ಸ್ಪರ್ಧಾತ್ಮಕ. ಕಾಂಪಿಟೆಂಟ್ ನೋಡಲು ಇದೇ ಮನೆಯದು ಎನಿಸಿದರೂ ಅರ್ಥ ಬೇರೆ, ಸಮರ್ಥ ಎಂದು. ಸರ್ಕಾರಿ ಆದೇಶಗಳಲ್ಲಿ ಬರುವ ಸಕ್ಷಮ ಪ್ರಾಧಿಕಾರ ಎಂದರೆ ಕಾಂಪಿಟೆಂಟ್ ಅಥಾರಿಟಿ. ಅದಕ್ಕೂ ಪೈಪೋಟಿಗೂ ಸಂಬಂಧವಿಲ್ಲ.

ಸಕ್ಸೀಡ್‌ನ ಕುಟುಂಬದಲ್ಲಿ ಎರಡು ಕವಲು. ಯಶಸ್ಸಿನ ಕವಲಿನಲ್ಲಿ ಸಕ್ಸೆಸ್, ಸಕ್ಸೆಸ್‌ಫುಲ್, ಸಕ್ಸೆಸ್‌ಫುಲಿ. ಒಂದರ ನಂತರ ಒಂದು ಬರುವ ಕವಲಿನಲ್ಲಿ ಸಕ್ಸೆಸರ್ ಅಂದರೆ ಉತ್ತರಾಧಿಕಾರಿ, ಸಕ್ಸೆಷನ್ ಅಂದರೆ ಉತ್ತರಾಧಿಕಾರ, ಸಕ್ಸೆಸಿವ್ ಅಂದರೆ ಸತತ. ಫಾರ್ ತ್ರೀ ಸಕ್ಸೆಸಿವ್ ಇಯರ್ಸ್ ಎಂಬುದನ್ನು ಮೂರು ಯಶಸ್ವಿ ವರ್ಷ ಎಂದು ಓದಿಕೊಂಡರೆ ಇಡೀ ಪ್ಯಾಸೇಜಿನ ಉತ್ತರ ತಪ್ಪುತ್ತದೆ. ಸತತ ಮೂರು ವರ್ಷ ಸೋತ ತಂಡಕ್ಕೂ ಆ ಮಾತು ಅಷ್ಟೇ ಸಲ್ಲುತ್ತದೆ.

ಹಂತ 3: ಜೊತೆಗಾರ ಪದ ಹಿಡಿಯಿರಿ

ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿಗೆ. ಕನ್ನಡದ ಕ್ರಿಯಾಪದವನ್ನು ಹಾಗೇ ಇಂಗ್ಲಿಷಿಗೆ ಹೊತ್ತೊಯ್ಯುವುದರಿಂದಲೇ ನಮ್ಮ ಬಹುಪಾಲು ತಪ್ಪುಗಳು ಆಗುತ್ತವೆ.

ಗೆಲ್ಲು ಎಂಬುದನ್ನೇ ತೆಗೆದುಕೊಳ್ಳಿ. ಪಂದ್ಯ ಗೆದ್ದರು ಎನ್ನುತ್ತೇವೆ, ಎದುರಾಳಿಯನ್ನು ಗೆದ್ದರು ಎಂದೂ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ವಿನ್ ಆಗುವುದು ಪಂದ್ಯ, ಬಹುಮಾನ, ಪದಕ, ಚುನಾವಣೆ; ಎದುರಾಳಿಯನ್ನು ಬೀಟ್ ಅಥವಾ ಡಿಫೀಟ್ ಮಾಡಬೇಕು. ಕರ್ನಾಟಕ ಮುಂಬೈಯನ್ನು ಗೆದ್ದಿತು ಎನ್ನಲು ಕರ್ನಾಟಕ ವನ್ ಮುಂಬೈ ಎಂದು ಬರೆದರೆ ಮುಂಬೈ ನಗರವೇ ಬಹುಮಾನವಾಗಿ ಸಿಕ್ಕಿತು ಎಂದಾಗುತ್ತದೆ. ಕರ್ನಾಟಕ ಬೀಟ್ ಮುಂಬೈ ಸರಿ. ಬೀಟ್‌ನ ಭೂತಕಾಲವೂ ಬೀಟ್ ಎಂದೇ ಇರುತ್ತದೆ. ಸೋತದ್ದಕ್ಕೆ ಲಾಸ್ಟ್ ಟು ಮುಂಬೈ. ಇಲ್ಲಿ ವಿರುದ್ಧ ಎಂಬ ಅರ್ಥದ ಅಗೇನ್ಸ್ಟ್‌ಗಿಂತ ಟು ಸಹಜ.

ಓದು ಎಂಬುದೂ ಹಾಗೇ. ಪುಸ್ತಕ ಓದುವುದು ರೀಡ್, ಪರೀಕ್ಷೆಗೆ ಓದುವುದು ಸ್ಟಡಿ. ಮಗ ಹತ್ತನೇ ತರಗತಿ ಓದುತ್ತಿದ್ದಾನೆ ಎನ್ನಲು ಈಸ್ ಸ್ಟಡಿಯಿಂಗ್ ಇನ್ ಕ್ಲಾಸ್ ಟೆನ್ ಎನ್ನಬೇಕು, ರೀಡಿಂಗ್ ಅಲ್ಲ. ಅಂಕ ತೆಗೆಯುವುದಕ್ಕೆ ಟೇಕ್ ಬರುವುದಿಲ್ಲ, ಸ್ಕೋರ್ ಅಥವಾ ಗೆಟ್ ಬರುತ್ತದೆ. ಪ್ರಯತ್ನಕ್ಕೆ ಮೇಕ್ ಆ್ಯನ್ ಎಫರ್ಟ್.

ಪ್ರಿಪೊಸಿಷನ್‌ಗಳನ್ನು ಬೇರೆಯಾಗಿ ಉರು ಹೊಡೆದರೆ ನಿಲ್ಲುವುದಿಲ್ಲ, ಪದಕ್ಕೆ ಅಂಟಿಸಿಯೇ ಕಲಿಯಬೇಕು. ಸಕ್ಸೀಡ್ ಇನ್ ಆದ ಮೇಲೆ ಇಂಗ್ ರೂಪ: ಶಿ ಸಕ್ಸೀಡೆಡ್ ಇನ್ ಕ್ಲಿಯರಿಂಗ್ ದಿ ಎಕ್ಸಾಮ್. ಸಕ್ಸೀಡೆಡ್ ಟು ಕ್ಲಿಯರ್ ತಪ್ಪು. ಫೇಲ್‌ಗೆ ಇದು ತಿರುಗುಮುರುಗು: ಫೇಲ್ಡ್ ಟು ಕ್ವಾಲಿಫೈ. ಎಲಿಜಿಬಲ್ ಫಾರ್, ಅಪ್ಲೈ ಫಾರ್, ಎನ್‌ರೋಲ್ ಇನ್, ಗ್ರ್ಯಾಜುಯೇಟ್ ಫ್ರಮ್, ಅಡ್ಮಿಷನ್ ಟು, ಕಂಗ್ರ್ಯಾಜುಲೇಟ್ ಸಮ್‌ವನ್ ಆನ್. ಕಂಪೀಟ್‌ಗೆ ಮಾತ್ರ ಮೂರು ಬಗೆ: ಎದುರಾಳಿಯೊಡನೆ ವಿತ್ ಅಥವಾ ಅಗೇನ್ಸ್ಟ್, ಹುದ್ದೆಗೆ ಫಾರ್, ಸ್ಪರ್ಧೆಯಲ್ಲಿ ಇನ್. ಡಿಸ್ಕಸ್ ಅಬೌಟ್, ಕೋಪ್ ಅಪ್ ವಿತ್ ಎರಡೂ ಬೆಂಗಳೂರಿನ ಆಫೀಸುಗಳಲ್ಲಿ ದಿನವಿಡೀ ಕೇಳಿಬರುತ್ತವೆ. ಪರೀಕ್ಷೆಯಲ್ಲಿ ಅಬೌಟ್ ಮತ್ತು ಅಪ್ ಎರಡನ್ನೂ ತೆಗೆದುಹಾಕಬೇಕು.

ನಮ್ಮಲ್ಲಿ ಚಾಲ್ತಿಯಿರುವ ಕೆಲವು ಬಳಕೆಗಳು ತಪ್ಪಲ್ಲ, ಆದರೆ ಭಾರತದ ಹೊರಗೆ ಬೇರೆಯಾಗಿ ಕೇಳಿಸುತ್ತವೆ. ಕಾಲೇಜಿನಿಂದ ಪಾಸೌಟ್ ಆದೆ ಎಂದರೆ ಹೊರದೇಶದವರಿಗೆ ಪ್ರಜ್ಞೆ ತಪ್ಪಿ ಬಿದ್ದ ಹಾಗೆ ಕೇಳುತ್ತದೆ. ರೆಸ್ಯೂಮೆಯಲ್ಲಿ ಗ್ರ್ಯಾಜುಯೇಟೆಡ್ ಎಂದೇ ಬರೆಯಿರಿ. ಟ್ಯೂಷನ್ ಎಂದರೆ ಅಮೆರಿಕದಲ್ಲಿ ಕಾಲೇಜು ಶುಲ್ಕ. ಮಾರ್ಕ್ಸ್ ಕಾರ್ಡ್‌ಗೆ ಅಲ್ಲಿನ ವಿಶ್ವವಿದ್ಯಾಲಯಗಳು ಟ್ರಾನ್ಸ್‌ಕ್ರಿಪ್ಟ್ ಎನ್ನುತ್ತವೆ. ಕ್ರ್ಯಾಕ್ ದಿ ಎಕ್ಸಾಮ್ ಮಾತಿಗೆ, ಹೆಡ್‌ಲೈನಿಗೆ ಸರಿ. ಅರ್ಜಿ, ಪ್ರಬಂಧದಲ್ಲಿ ಕ್ಲಿಯರ್ ಅಥವಾ ಪಾಸ್ ಬಳಸಿ.

ಹಂತ 4: ಕಾರ್ಡ್ ಬರೆಯುವ ಕ್ರಮ

ಹೆಕ್ಕಿದ ಪದಗಳನ್ನು ಕಾರ್ಡಿನಲ್ಲಿ ಬರೆದಿಡಬೇಕು. ಅದಕ್ಕೆ ಮೂರು ಇಂಚು ಅಗಲ, ಐದು ಇಂಚು ಉದ್ದದ ದಪ್ಪ ಕಾಗದ ಬೇಕು. ಅವೆನ್ಯೂ ರಸ್ತೆಯ ಸ್ಟೇಷನರಿ ಅಂಗಡಿಗಳಲ್ಲಿ ಕಟ್ಟುಗಟ್ಟಲೆ ಸಿಗುತ್ತದೆ. ಮನೆಯಲ್ಲಿ ಬಿದ್ದಿರುವ ಮದುವೆ ಕರೆಯೋಲೆಗಳ ಖಾಲಿ ಬದಿಯೂ ಆದೀತು, ಎರಡನ್ನು ಬೆನ್ನಿಗೆ ಬೆನ್ನು ಅಂಟಿಸಿಕೊಳ್ಳಿ. ಹೊಳಪಿನ ಕಾಗದದ ಮೇಲೆ ಜೆಲ್ ಪೆನ್ ಹರಡುತ್ತದೆ, ಬಾಲ್ ಪೆನ್ ಬಳಸಿ.

ಮುಂಭಾಗದಲ್ಲಿ ಕನ್ನಡದ ಒಂದು ಪೂರ್ತಿ ವಾಕ್ಯ ಇರಲಿ. ಉದಾಹರಣೆಗೆ, ಇನ್ನೂರು ಹುದ್ದೆಗಳಿಗೆ ಸಾವಿರಾರು ಮಂದಿ ಪೈಪೋಟಿ ನಡೆಸಿದರು. ಹಿಂಭಾಗದಲ್ಲಿ ಇಂಗ್ಲಿಷ್: ಥೌಸಂಡ್ಸ್ ಆಫ್ ಕ್ಯಾಂಡಿಡೇಟ್ಸ್ ಕಂಪೀಟೆಡ್ ಫಾರ್ ಟೂ ಹಂಡ್ರೆಡ್ ಪೋಸ್ಟ್ಸ್. ಕಂಪೀಟೆಡ್ ಫಾರ್ ಕೆಳಗೆ ಗೆರೆ ಎಳೆಯಿರಿ. ಅದರಡಿ ಹಂತ 2ರ ಕುಟುಂಬ ಒಂದು ಸಾಲು. ಇಷ್ಟೇ. ಒಂದು ಕಾರ್ಡಿಗೆ ಒಂದೇ ಬಳಕೆ. ಕಂಪೀಟ್ ವಿತ್‌ಗೆ ಬೇರೆ ಕಾರ್ಡ್.

ಕನ್ನಡದಿಂದ ಇಂಗ್ಲಿಷಿಗೆ ಹೋಗುವ ದಿಕ್ಕು ಮುಖ್ಯ. ಇಂಗ್ಲಿಷ್ ನೋಡಿ ಅರ್ಥ ಹೇಳುವುದು ಸುಲಭ, ಹಾಗಾಗಿ ಬಂತು ಎಂಬ ಭ್ರಮೆ ಹುಟ್ಟುತ್ತದೆ. ಬರೆಯುವಾಗ, ಇಂಟರ್‌ವ್ಯೂನಲ್ಲಿ ಮಾತಾಡುವಾಗ ಮನಸ್ಸು ಹೊರಡುವುದು ಕನ್ನಡದಿಂದ.

ಉಚ್ಚಾರಕ್ಕೆ ಒತ್ತು ಬೀಳುವ ಭಾಗದ ಕೆಳಗೆ ಚುಕ್ಕಿ ಇಡಿ. ಕಂಪೀಟ್‌ನಲ್ಲಿ ಒತ್ತು ಪೀ ಮೇಲೆ, ಕಂಪೆಟಿಟರ್‌ನಲ್ಲಿ ಪೆ ಮೇಲೆ, ಕಾಂಪಿಟಿಷನ್‌ನಲ್ಲಿ ಟಿ ಮೇಲೆ. ಷನ್ ಎಂದು ಮುಗಿಯುವ ಪದಗಳಲ್ಲಿ ಒತ್ತು ಅದರ ಹಿಂದಿನ ಭಾಗಕ್ಕೇ ಬೀಳುತ್ತದೆ: ಎಜುಕೇಷನ್‌ನಲ್ಲಿ ಕೇ, ಕ್ವಾಲಿಫಿಕೇಷನ್‌ನಲ್ಲೂ ಕೇ. ಬೆಲೆಯ ಪ್ರೈಸ್, ಬಹುಮಾನದ ಪ್ರೈಜ಼್ ಎರಡನ್ನೂ ನಾವು ಒಂದೇ ರೀತಿ ಹೇಳಿಬಿಡುತ್ತೇವೆ. ಗಂಟಲಿಗೆ ಬೆರಳಿಟ್ಟು ಹೇಳಿ ನೋಡಿ: ಬಹುಮಾನದ ಪದದ ಕೊನೆಯ ಧ್ವನಿಯಲ್ಲಿ ಗಂಟಲು ಕಂಪಿಸಬೇಕು, ಬೆಲೆಯ ಪದದಲ್ಲಿ ಕಂಪಿಸಬಾರದು.

ಹಂತ 5: ನಾಲ್ಕು ಡಬ್ಬ

ಕಲಿತದ್ದು ಮೊದಲ ಒಂದೆರಡು ದಿನಗಳಲ್ಲೇ ಅತಿ ವೇಗವಾಗಿ ಮರೆಯುತ್ತದೆ, ಆಮೇಲೆ ಮರೆವಿನ ವೇಗ ತಗ್ಗುತ್ತದೆ ಎಂದು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದ. ಅದೇ ದೇಶದ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಕಾರ್ಡುಗಳನ್ನು ಡಬ್ಬಗಳಲ್ಲಿ ಸಾಗಿಸುವ ವಿಧಾನವನ್ನು ಜನಪ್ರಿಯಗೊಳಿಸಿದ. ನಮ್ಮ ಕೆಲಸಕ್ಕೆ ನಾಲ್ಕು ಖಾಲಿ ಸ್ವೀಟ್ ಡಬ್ಬ ಸಾಕು.

ಒಂದನೇ ಡಬ್ಬ ದಿನಾ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ, ನಾಲ್ಕನೆಯದು ಹದಿನೈದು ದಿನಕ್ಕೊಮ್ಮೆ. ಹೊಸ ಕಾರ್ಡೆಲ್ಲ ಒಂದನೆಯದಕ್ಕೆ. ಕನ್ನಡ ವಾಕ್ಯ ನೋಡಿ, ಇಂಗ್ಲಿಷ್ ವಾಕ್ಯವನ್ನು ರಫ್ ಹಾಳೆಯಲ್ಲಿ ಬರೆದು, ಆಮೇಲೆ ತಿರುಗಿಸಿ ನೋಡಿ. ಸರಿಯಿದ್ದರೆ ಮುಂದಿನ ಡಬ್ಬಕ್ಕೆ. ಪ್ರಿಪೊಸಿಷನ್ ಒಂದೇ ತಪ್ಪಿದ್ದರೂ, ಸ್ಪೆಲ್ಲಿಂಗಿನ ಒಂದಕ್ಷರ ಹೋದರೂ ವಾಪಸ್ ಒಂದನೆಯದಕ್ಕೆ. ಇಲ್ಲಿ ನಿಮ್ಮ ಮೇಲೆ ನೀವೇ ಕನಿಕರ ತೋರಿಸಬಾರದು. ನಾಲ್ಕನೆಯದರಲ್ಲೂ ಸರಿಯಾದ ಕಾರ್ಡನ್ನು ಕಟ್ಟಿ ಪಕ್ಕಕ್ಕಿಡಿ.

ದಿನಕ್ಕೆ ಎಂಟು ಹೊಸ ಕಾರ್ಡ್ ದಾಟಬೇಡಿ. ಪ್ರತಿ ಕಾರ್ಡೂ ಕನಿಷ್ಠ ನಾಲ್ಕು ಸಲ ಮರಳಿ ಬರುತ್ತದೆ, ತಪ್ಪಿದವು ಇನ್ನೂ ಹೆಚ್ಚು ಸಲ. ಹಾಗಾಗಿ ಮೂರ‍್ನಾಲ್ಕು ವಾರ ಕಳೆಯುವಷ್ಟರಲ್ಲಿ ದಿನದ ಪುನರಾವರ್ತನೆಯೇ ಮೂವತ್ತು ನಲವತ್ತು ಕಾರ್ಡಿಗೆ ಮುಟ್ಟುತ್ತದೆ. ಅದಕ್ಕೆ ಅರ್ಧ ಗಂಟೆ ಬೇಕು. ಮೊದಲ ವಾರದ ಹುಮ್ಮಸ್ಸಿನಲ್ಲಿ ದಿನಕ್ಕೆ ಮೂವತ್ತು ಬರೆದವರಿಗೆ ಮೂರನೇ ವಾರ ನೂರಕ್ಕೂ ಹೆಚ್ಚು ಕಾರ್ಡ್ ಎದುರಾಗುತ್ತವೆ, ಅಲ್ಲಿಗೆ ಡಬ್ಬ ಅಟ್ಟ ಸೇರುತ್ತದೆ. ಮೆಟ್ರೊದಲ್ಲಿ ನಿಂತು ಪ್ರಯಾಣಿಸುವವರಿಗೆ ಮೊಬೈಲಿನ ಆ್ಯಂಕಿ ಆ್ಯಪ್ ಇದೇ ಲೆಕ್ಕವನ್ನು ತಾನೇ ಮಾಡುತ್ತದೆ. ಆದರೆ ಬರೆಯುವ ಅಭ್ಯಾಸವನ್ನು ಅದಕ್ಕಾಗಿ ಬಿಡಬೇಡಿ.

ಎಲ್ಲಿ ಕೆಡುತ್ತದೆ

ಒಂದೇ ಅರ್ಥದ ಪದಗಳನ್ನು ಒಂದೇ ದಿನ ಕಲಿಯುವುದು ದೊಡ್ಡ ತಪ್ಪು. ಅಚೀವ್, ಅಟೇನ್, ಅಕಾಂಪ್ಲಿಷ್ ಮೂರನ್ನೂ ಒಟ್ಟಿಗೆ ಹಿಡಿದರೆ ಒಂದರ ನೆನಪಿನಲ್ಲಿ ಇನ್ನೊಂದು ತಲೆಹಾಕಿ ಮೂರೂ ಮಸುಕಾಗುತ್ತವೆ. ಒಂದನ್ನು ಮೂರನೇ ಡಬ್ಬ ಮುಟ್ಟಿಸಿ, ಆಮೇಲೆ ಮುಂದಿನದನ್ನು ತನ್ನಿ. ಎಲಿಜಿಬಲ್ ಮತ್ತು ಲೆಜಿಬಲ್, ಪ್ರಿನ್ಸಿಪಲ್ ಎಂಬ ಒಂದೇ ಉಚ್ಚಾರದ ಎರಡು ಪದ (ಮುಖ್ಯಸ್ಥ ಮತ್ತು ತತ್ವ), ಲೂಸ್ ಮತ್ತು ಲೂಜ಼್, ಅವಾರ್ಡ್ ಮತ್ತು ರಿವಾರ್ಡ್ ಜೋಡಿಗಳಿಗೂ ಇದೇ ನಿಯಮ. ಹೋಲುವ ಪದಗಳ ಪಟ್ಟಿಯನ್ನೇ ಕೊಟ್ಟು ಉರು ಹೊಡೆಸುವ ಗೈಡ್‌ಗಳಿಂದ ಹೊಸಬರಿಗೆ ಉಪಕಾರಕ್ಕಿಂತ ಗೊಂದಲವೇ ಹೆಚ್ಚು.

ಇನ್ನೊಂದು, ಭಾರಿ ಪದಗಳ ಮೋಹ. ಪರ್ಸಿವಿಯರೆನ್ಸ್ ಬಾಯಿಗೆ ಬಂದರೂ ಟ್ರೈಡ್ ಹಾರ್ಡ್ ಎಂದು ಸರಾಗವಾಗಿ ಬರೆಯಲಾಗದಿದ್ದರೆ ಮೌಲ್ಯಮಾಪಕರಿಗೆ ಅದು ಕೂಡಲೇ ಕಾಣುತ್ತದೆ.

ಹಂತ 6: ಭಾನುವಾರದ ಒಂದು ಪ್ಯಾರಾ

ವಾರಕ್ಕೊಮ್ಮೆ, ಆ ವಾರದ ಎಂಟು ಹತ್ತು ಪದ ಬಳಸಿ 120 ಪದಗಳ ಒಂದು ಪ್ಯಾರಾ ಬರೆಯಿರಿ. ವಿಷಯ ನಿಮಗೆ ಗೊತ್ತಿರುವಂಥದ್ದೇ ಇರಲಿ: ನಿಮ್ಮ ತಾಲ್ಲೂಕಿನ ಸರ್ಕಾರಿ ಶಾಲೆ, ಕೋಚಿಂಗ್ ಶುಲ್ಕ, ಕಟಾಫ್ ಏರಿಕೆ. ಕಾರ್ಡ್ ನೋಡದೆ ಬರೆಯಿರಿ, ಆಮೇಲೆ ಕೆಂಪು ಪೆನ್ನಿನಲ್ಲಿ ಕಾರ್ಡಿನ ವಾಕ್ಯಕ್ಕೆ ಹೋಲಿಸಿ ತಿದ್ದಿ. ತಿದ್ದಿದ್ದನ್ನು ಜೋರಾಗಿ ಒಮ್ಮೆ ಓದಿ. ಪಿ.ಜಿ.ಯಲ್ಲಿ ಜೊತೆಗಿರುವ ಗೆಳೆಯ ಗೆಳತಿಯರೊಡನೆ ಪ್ಯಾರಾ ಅದಲುಬದಲು ಮಾಡಿಕೊಳ್ಳುವುದು ಇನ್ನೂ ಒಳ್ಳೆಯದು. ನಮ್ಮ ತಪ್ಪು ನಮಗೆ ಕಾಣುವುದಕ್ಕಿಂತ ಬೇಗ ಬೇರೆಯವರಿಗೆ ಕಾಣುತ್ತದೆ.

ಪರೀಕ್ಷೆಗೆ ಹತ್ತು ದಿನ ಇದೆ ಎನ್ನುವಾಗ ಹೊಸ ಕಾರ್ಡ್ ನಿಲ್ಲಿಸಿ. ಆ ದಿನಗಳಲ್ಲಿ ಒಂದು ಮತ್ತು ಎರಡನೇ ಡಬ್ಬದಲ್ಲಿ ಉಳಿದಿರುವುದನ್ನಷ್ಟೇ, ಬೆಳಿಗ್ಗೆ ಒಮ್ಮೆ ರಾತ್ರಿ ಒಮ್ಮೆ, ಬರೆದು ನೋಡಿ.