ನಾಯಿಗೆ ಪೆಟ್ಟಾಗಿದ್ದರೆ ಹಗ್ಗ ಹಿಡಿದವಳನ್ನೂ ನೋಡಿ

ನಾನು ಹಾಸನ ಜಿಲ್ಲೆಯ ಒಂದು ಪಶು ಆಸ್ಪತ್ರೆಯಲ್ಲಿ ಡಾಕ್ಟರ್. ಕೆಲವು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ಕಂದು ಬಣ್ಣದ ನಾಟಿ ನಾಯಿಯನ್ನು ಎತ್ತಿಕೊಂಡು ಬಂದಳು. ಹಿಂಗಾಲು ಮುರಿದಿತ್ತು. "ಬೈಕ್ ಗುದ್ದಿತು ಡಾಕ್ಟ್ರಮ್ಮ" ಅಂದಳು. ಗಾಡಿ ಗುದ್ದಿದ ನಾಯಿಯ ಉಗುರು ರಸ್ತೆಗೆ ಉಜ್ಜಿ ಸೀಳಿರುವುದೇ ಹೆಚ್ಚು, ಚರ್ಮವೂ ತರಚಿರುತ್ತದೆ. ಇದರ ಉಗುರು ನೆಟ್ಟಗಿದ್ದವು. ಪಕ್ಕೆ ಸವರಿದರೆ ಹಳೇ ಮುರಿತ ಕೂಡಿಕೊಂಡ ಗಂಟು ಕೈಗೆ ಸಿಕ್ಕಿತು. ಆದರೂ ಕಟ್ಟು ಹಾಕಿ, ಇಂಜೆಕ್ಷನ್ ಕೊಟ್ಟು ಕಳಿಸಿದೆ. ಎರಡು ತಿಂಗಳಿಗೆ ಅದೇ ನಾಯಿ ಮತ್ತೆ ಬಂತು. ಆ ಸಲ ಅವಳ ಮಣಿಕಟ್ಟೂ ಊದಿತ್ತು. ಮೊದಲ ಸಲವೇ ಕೇಳಬೇಕಿತ್ತು. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಹೆಂಡತಿಗೆ ಹೊಡೆಯುವವನು ಪ್ರಾಣಿಗೂ ಹೊಡೆಯುವುದು ಬರೀ ಸಿಟ್ಟಿಗಲ್ಲ. ಅವಳ ಪ್ರೀತಿಯ ಜೀವಕ್ಕೆ ಕೈ ಹಾಕಿದರೆ ಅವಳು ಬಗ್ಗುತ್ತಾಳೆ ಅಂತ ಅವನಿಗೆ ಗೊತ್ತು. "ತವರಿಗೆ ಹೋಗು, ನೀನು ಬರೋಷ್ಟರಲ್ಲಿ ನಾಯಿ ಇರಲ್ಲ" ಅನ್ನುವ ಒಂದು ಮಾತು ಸಾಕು. ಅಮೆರಿಕದ ಯೂಟಾದಲ್ಲಿ ಫ್ರಾಂಕ್ ಅಸಿಯೋನ್ ಎಂಬ ಮನಶ್ಶಾಸ್ತ್ರಜ್ಞ ಆಶ್ರಯ ಮನೆಗೆ ಬಂದ ಹೆಂಗಸರನ್ನು ಇದೇ ವಿಷಯ ಕೇಳಿ 1998ರಲ್ಲಿ ವರದಿ ಮಾಡಿದರು. ಪ್ರಾಣಿ ಸಾಕಿದ್ದವರಲ್ಲಿ ನೂರಕ್ಕೆ 71 ಜನ, ಗಂಡ ಅಥವಾ ಸಂಗಾತಿ ತಮ್ಮ ಪ್ರಾಣಿಗೆ ಹೊಡೆದಿದ್ದಾನೆ, ಕೊಂದಿದ್ದಾನೆ, ಇಲ್ಲವೇ ಹಾಗೆ ಮಾಡುತ್ತೇನೆಂದು ಹೆದರಿಸಿದ್ದಾನೆ ಅಂದರು. ನನ್ನ ಟೇಬಲ್ಲಿನ ಮುಂದೆ ನಿಂತವರ ಕಥೆ ಬೇರೆಯಲ್ಲ.

ನೀವು ಪಕ್ಕದ ಮನೆಯವರಾದರೆ ಮೊದಲು ನಾಯಿಯನ್ನೇ ಗಮನಿಸಿ. ಒಬ್ಬರ ಬೈಕ್ ಸದ್ದು ಕೇಳಿದ ಕೂಡಲೇ ಮಂಚದಡಿ ನುಗ್ಗುತ್ತಾ? ನಿಂತಲ್ಲೇ ಉಚ್ಚೆ ಹೊಯ್ಯುತ್ತಾ? ಪದೇ ಪದೇ ಗಾಯ, ಪ್ರತಿ ಸಲ ಬೇರೆ ಕಾರಣ, ಅದನ್ನು ಹೇಳುವಾಗ ಅವಳ ಕಣ್ಣು ಗಂಡನ ಮುಖದ ಮೇಲೆ. ಮಗು ಬೆಕ್ಕಿನ ಮರಿಯ ಕುತ್ತಿಗೆ ಹಿಸುಕಿದರೆ ಗದರಿಸಿ ಸುಮ್ಮನಾಗಬೇಡಿ. ಅದು ಮನೆಯಲ್ಲಿ ಕಂಡದ್ದನ್ನೇ ಮಾಡುತ್ತಿರಬಹುದು. ಇದರಲ್ಲಿ ಒಂದನ್ನು ಕಂಡ ಮಾತ್ರಕ್ಕೆ ತೀರ್ಪು ಕೊಡಬೇಡಿ, ಆದರೆ ಅವಳ ಹತ್ತಿರ ಮಾತಾಡಲು ಅಷ್ಟು ಸಾಕು.

ಒಬ್ಬಳೇ ಇದ್ದಾಗ ಮಾತ್ರ ಕೇಳಿ. ನಾನು ಈಗ "ಇಂಜೆಕ್ಷನ್ ಕೊಡಬೇಕು, ನಾಯಿ ಹಿಡ್ಕೊಳ್ಳೋಕೆ ನೀವೊಬ್ಬರೇ ಒಳಗೆ ಬನ್ನಿ" ಅನ್ನುತ್ತೇನೆ. "ಗಂಡ ಹೊಡೀತಾನಾ?" ಅಂತ ಶುರು ಮಾಡುವುದಿಲ್ಲ. "ಏನಮ್ಮ, ಇದು ಮನೇಲಿ ಯಾರಿಗೆ ಹೆದರುತ್ತೆ?" ಅನ್ನುತ್ತೇನೆ. ನಾಯಿಯ ಬಗ್ಗೆ ಹೇಳುತ್ತಾ ಹೇಳುತ್ತಾ ತನ್ನ ಬಗ್ಗೆ ಹೇಳಿಬಿಡುತ್ತಾರೆ. ಆ ಹೆಣ್ಣುಮಗಳೂ ಹಾಗೇ ಹೇಳಿದ್ದು. ಹೇಳದಿದ್ದರೆ ಒತ್ತಾಯ ಬೇಡ. 181 ಮಹಿಳಾ ಸಹಾಯವಾಣಿ ಅಂತ ಬಾಯಲ್ಲಿ ಹೇಳಿ ಕಳಿಸಿ. ಚೀಟಿ ಗಂಡನ ಕೈಗೆ ಸಿಕ್ಕೀತು. ಹೊಡೆತ ನಡೆಯುತ್ತಿರುವಾಗಲೇ ಆದರೆ 112, ಮಕ್ಕಳಿಗೆ ಅಪಾಯವಿದ್ದರೆ 1098.

ದಯವಿಟ್ಟು ಗಂಡನನ್ನು ಹೋಗಿ ತರಾಟೆಗೆ ತೆಗೆದುಕೊಳ್ಳಬೇಡಿ. ಅವಳನ್ನು ಕೇಳದೆ ನಾಯಿಯನ್ನು ಎತ್ತಿಕೊಂಡು ಹೋಗಲೂಬೇಡಿ. ಆ ರಾತ್ರಿ ಪೆಟ್ಟು ತಿನ್ನುವವಳು ಅವಳು.

ಕಾಗದ ಮಾತ್ರ ಬಿಡಬೇಡಿ. ಪ್ರತಿ ಸಲ ಆಸ್ಪತ್ರೆಯ ಚೀಟಿ, ತಾರೀಖು ಕಾಣುವ ಫೋಟೋ, ಲಸಿಕೆ ಪುಸ್ತಕ ಅವಳ ಹೆಸರಲ್ಲಿ. ಎಲ್ಲವೂ ಅವಳು ನಂಬುವ ಬೇರೆಯವರ ಮನೆಯಲ್ಲಿರಲಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಆದರೆ ಪ್ರಾಣಿಯನ್ನು ಕೊಂದರೆ, ಅಂಗ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ 5 ವರ್ಷದವರೆಗೆ ಜೈಲು ಆಗಬಹುದು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಪ್ರಾಣಿಗಳ ಹೆಸರಿಲ್ಲ. ಆದರೆ ಮಾನಸಿಕ ಹಿಂಸೆ, ಆರ್ಥಿಕ ಹಿಂಸೆ ಎರಡೂ ಅದರಲ್ಲಿವೆ, ಅವಳ ವಸ್ತು ಹಾಳು ಮಾಡಿದರೆ ಪರಿಹಾರವೂ ಕೇಳಬಹುದು. ಈ ಕಾಯ್ದೆಯ ದೂರು ನೋಡಿಕೊಳ್ಳುವ ಸಂರಕ್ಷಣಾಧಿಕಾರಿ ನಮ್ಮ ಕಡೆ ಅಂದರೆ ತಾಲ್ಲೂಕಿನ ಸಿಡಿಪಿಓ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಹಿಂಸೆ ನಡೆಯುತ್ತಿದೆ ಅಂತ ಅವರಿಗೆ ಯಾರು ಬೇಕಾದರೂ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕಲು ಬರುವುದಿಲ್ಲ, ಕಾಯ್ದೆಯ 4ನೇ ಕಲಂ ಹಾಗೆ ಹೇಳುತ್ತದೆ. ವಕೀಲರ ದುಡ್ಡಿನ ಚಿಂತೆ ಇದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಲಿ. ಹೆಂಗಸರಿಗೆ ಕಾನೂನು ನೆರವು ಉಚಿತ.

ಎಲ್ಲಕ್ಕಿಂತ ಜಾಸ್ತಿ ಅವಳ ಕಾಲು ಹಿಡಿದು ನಿಲ್ಲಿಸುವುದು ಪ್ರಾಣಿಯನ್ನು ಎಲ್ಲಿ ಬಿಡಲಿ ಅನ್ನುವ ಪ್ರಶ್ನೆ. ಹಿಂಸೆಗೆ ಸಿಕ್ಕ ಹೆಂಗಸರಿಗೆ ಆಸರೆ ಕೊಡುವ ಸರ್ಕಾರಿ ಸಖಿ ಕೇಂದ್ರಕ್ಕೆ ಮಕ್ಕಳ ಜೊತೆ ಹೋಗಬಹುದು, ನಾಯಿಯನ್ನು ಕರೆದುಕೊಂಡು ಹೋಗೋಕಾಗಲ್ಲ. ಹಳ್ಳಿಯಲ್ಲಿ ಇನ್ನೂ ಕಷ್ಟ. "ನಾನು ಹೋದ್ರೆ ಹಸು ಹಾಲು ಕರೆಯೋರು ಯಾರು?" ಅಂದವರು ಎಷ್ಟು ಜನ! ಹಸು ಅಂದರೆ ಪ್ರೀತಿಯೂ ಹೌದು, ಡೈರಿಯ ಬಟವಾಡೆಯೂ ಹೌದು. ಅವನು ಮೊದಲು ಮಾರುವುದೂ ಅದನ್ನೇ. ಹಾಗಾಗಿ ಡೈರಿ ಸದಸ್ಯತ್ವ, ಬ್ಯಾಂಕ್ ಪಾಸ್‌ಬುಕ್ಕು, ಹಸುವಿನ ವಿಮೆ, ಅದರ ಕಿವಿಗೆ ಹಾಕಿದ ಗುರುತಿನ ಓಲೆಯ ನಂಬರು ಅವಳ ಹೆಸರಿಗೇ ಇರುವಂತೆ ಮುಂಚೆಯೇ ನೋಡಿಕೊಳ್ಳಿ. ಅಕ್ಕನ ಮನೆ, ಗೆಳತಿಯ ಕೊಟ್ಟಿಗೆ, ಎಲ್ಲಾದರೂ ಒಂದು ಜಾಗ ಗೊತ್ತು ಮಾಡಿ. ಆ ಜಾಗದ ಸುದ್ದಿ ಅವನ ಕಿವಿಗೆ ಬೀಳಬಾರದು. ಪ್ರಾಣಿಯನ್ನು ಅವಳು ಹೊರಡುವ ದಿನವೇ ಸಾಗಿಸಿ, ಮುಂಚೆ ಬೇಡ. ಖಾಲಿ ಗೂಟ ನೋಡಿದರೆ ಅವನಿಗೆ ಗೊತ್ತಾಗಿಬಿಡುತ್ತದೆ.

ಆ ಕಂದು ನಾಯಿ ಹನ್ನೊಂದು ದಿನ ನಮ್ಮ ಹಿತ್ತಲಲ್ಲಿತ್ತು. ಮೊದಲ ಮೂರು ದಿನ ಅನ್ನ ಮುಟ್ಟಲಿಲ್ಲ. ನಾಲ್ಕನೇ ದಿನ ಅವಳು ಬೇರೆ ನಂಬರಿನಿಂದ ಫೋನ್ ಮಾಡಿದಳು. ಸ್ಪೀಕರ್ ಹಾಕಿ ಅದರ ಕಿವಿ ಹತ್ತಿರ ಹಿಡಿದೆ.