ಹತ್ತಿ ಮಾರುವ ಮುನ್ನ ಇಷ್ಟು ತಿಳ್ಕೊಳ್ಳಿ

ರಾಯಚೂರು ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು ನಾನು. ಹತ್ತಿ ತಂದ ರೈತರಿಗೆ ಮೊದಲು ಹೇಳೋದು ಇದೇ: ದಲಾಲಿ ನಿಮ್ಮ ಏಜೆಂಟ್, ಮಾಲಿನ ಒಡೆಯನಲ್ಲ. 'ಇಷ್ಟಕ್ಕಿಂತ ಕಡಿಮೆಗೆ ಕೊಡಬೇಡಿ' ಅಂತ ಮೊದಲೇ ಹೇಳಿ, ವಾಟ್ಸಾಪ್‌ನಲ್ಲೂ ಹಾಕಿ. ಆ ಮಾತು ಮೀರಿ ಮಾರಿ ನಷ್ಟವಾದರೆ, 1872ರ ಕರಾರು ಕಾಯ್ದೆ ಪ್ರಕಾರ ಅವರೇ ತುಂಬಿಕೊಡಬೇಕು. ನಿಮಗೆ ತಿಳಿಸದೆ ತಾವೇ ಕೊಂಡು ಲಾಭ ಮಾಡಿದರೆ ಅದನ್ನೂ ಕೇಳಬಹುದು. ಲೆಕ್ಕ ಕೇಳೋಕೆ ಸಂಕೋಚ ಯಾಕೆ?

ಮಳೆ ಬಂದಾಗ ಜಗಳ ಜಾಸ್ತಿ. ನೆನೆದ ಮಾಲು ಯಾರದ್ದು? ಬೇರೆ ಮಾತಾಗಿರದಿದ್ದರೆ, 1930ರ ಸರಕು ಮಾರಾಟ ಕಾಯ್ದೆಯಲ್ಲಿ ಒಡೆತನ ಯಾರದ್ದೋ ನಷ್ಟವೂ ಅವರದ್ದೇ. ಹಣ ಎಷ್ಟೆಂದು ಗೊತ್ತಾಗಲು ಮಾರುವವರೇ ತೂಗಿಸಿಕೊಡಬೇಕಿದ್ದರೆ, ತೂಕ ಮುಗಿದು ಕೊಂಡವರಿಗೆ ತಿಳಿಯುವವರೆಗೆ ಮಾಲು ನಿಮ್ಮದೇ. ಅದಕ್ಕೇ ದರ ಕುದುರಿದ ದಿನವೇ ತೂಗಿಸಿ, ತೂಕದ ಚೀಟಿ ಇಸ್ಕೊಳ್ಳಿ. ಅಲ್ಲಿವರೆಗೆ ತಾಡಪಾಲು ತೆಗೀಬೇಡಿ.